ಕೀನೈ ನದಿಯ ಗಾಳಗಾರಿಕೆಯೂ ಮಾರ್ಗದರ್ಶಿಗಳ ವೃತ್ತಿಯೂ

೧

ಉತ್ತರ ಅಮೆರಿಕದ ವಾಯವ್ಯ ಭಾಗದಲ್ಲಿರುವ ಅಲಾಸ್ಕ ಸಂಸ್ಥಾನದ ದಕ್ಷಿಣತೀರದಲ್ಲಿ ಕೀನೈ ಎಂಬ ಪರ್ಯಾಯದ್ವೀಪವಿದೆ. ಅದರ ಪೂರ್ವಭಾಗವು ಹಿಮಾವೃತವಾದ ಪರ್ವತಪ್ರದೇಶ. ಪಶ್ಚಿಮಭಾಗವು ಕುಕ್ ಕೊಲ್ಲಿಯ ಕಡೆಗೆ ಇಳಿಯುವ ತಗ್ಗುನೆಲ. ಈ ಎರಡರ ನಡುವೆ ಕೀನೈ ಸರೋವರದಲ್ಲಿ ಹೊರಟು, ಸುಮಾರು ೮೨ ಮೈಲಿ ಹರಿದು, ಕೊಲ್ಲಿಯನ್ನು ಸೇರುವ ನದಿಗೂ ಕೀನೈ ಎಂದೇ ಹೆಸರು. ಹಿಮನದಿಗಳು ಅರೆದ ಕಲ್ಲುಪುಡಿಯು ನೀರಿನಲ್ಲಿ ತೇಲಿಬರುವುದರಿಂದ ಈ ನದಿಯು ಬೇಸಗೆಯಲ್ಲಿ ಹಸುರುಗೂಡಿದ ನೀಲಬಣ್ಣದಿಂದ ಕಾಣುತ್ತದೆ. ನೀರಿನೊಳಗೆ ಏನಿದೆಯೆಂಬುದು ಮಾತ್ರ ಕಣ್ಣಿಗೆ ಕಾಣದು.

ಈ ನದಿಯೂ ಅದರೆದುರಿನ ಸಮುದ್ರವೂ ಎರಡು ಮೀನುಗಳಿಂದ ಪ್ರಸಿದ್ಧವಾಗಿವೆ. ಒಂದು ಸಾಲ್ಮನ್. ಇದು ಸಿಹಿನೀರಿನಲ್ಲಿ ಹುಟ್ಟಿ, ಸಮುದ್ರದಲ್ಲಿ ಬೆಳೆದು, ಕೆಲವು ವರ್ಷಗಳ ಅನಂತರ ಹುಟ್ಟಿದ ಹೊಳೆಗೇ ಮರಳಿ ಮೊಟ್ಟೆಯಿಟ್ಟು ಅಲ್ಲಿಯೇ ಸಾಯುತ್ತದೆ. ಇದರ ಜಾತಿಗಳಲ್ಲಿ ಅತ್ಯಂತ ದೊಡ್ಡದನ್ನು ಅಲ್ಲಿಯವರು ‘ರಾಜ ಸಾಲ್ಮನ್’ ಎನ್ನುತ್ತಾರೆ. ಇನ್ನೊಂದು ಹಾಲಿಬಟ್. ಇದು ನಮ್ಮ ಕರಾವಳಿಯವರು ನಂಗು ಎಂದು ಕರೆಯುವ ಮೀನಿನಂತೆ ಚಪ್ಪಟೆಯಾದ ದೇಹದ್ದು. ಆದರೆ ಹಲವು ನೂರು ಪೌಂಡು ತೂಗುವಷ್ಟು ಬೆಳೆಯಬಲ್ಲದು. ಮರಿಯಾಗಿರುವಾಗ ಇತರ ಮೀನುಗಳಂತೆ ಇಕ್ಕೆಲದಲ್ಲಿ ಕಣ್ಣುಳ್ಳದ್ದಾಗಿದ್ದು, ಬೆಳೆಯುತ್ತ ಎಡಗಣ್ಣು ತಲೆಯನ್ನು ದಾಟಿ ಬಲಗಡೆಗೆ ಸರಿಯುತ್ತದೆ. ಆ ಬಳಿಕ ಅದು ಕಡಲ ತಳದಲ್ಲಿ ಮಲಗಿ ಮೇಲ್ಮುಖವಾಗಿ ನೋಡುತ್ತ ಬಾಳುತ್ತದೆ.

ಈ ಮೀನುಗಳನ್ನು ಗಾಳದಿಂದ ಹಿಡಿಯಬೇಕೆಂದು ದೂರದೂರದಿಂದ ಬರುವ ಹವ್ಯಾಸಿಗಳನ್ನು ಕೂಲಿಗೆ ದೋಣಿಯಲ್ಲಿ ಕರೆದೊಯ್ದು, ಮೀನು ಇರುವ ಸ್ಥಳವನ್ನು ತೋರಿಸುವವನೇ ಮಾರ್ಗದರ್ಶಿ. ಅವನು ಮೀನನ್ನು ಹಿಡಿದು ಮಾರುವುದಿಲ್ಲವಾದುದರಿಂದ ಬೆಸ್ತನೆನ್ನಲಾಗದು. ದೋಣಿ ನಡೆಸಿದರೂ ದಡದಿಂದ ದಡಕ್ಕೆ ದಾಟಿಸುವ ಅಂಬಿಗನಲ್ಲ. ಅವನು ಮಾರುವುದು ತನ್ನ ತಿಳಿವಳಿಕೆಯನ್ನು. ಈ ತಿಳಿವಳಿಕೆಯನ್ನು ರಾಜ್ಯವು ಯಾವ ಲೆಕ್ಕದಲ್ಲಿ ಹಿಡಿಯಬೇಕು? ವಿನೋದದ ಲೆಕ್ಕದಲ್ಲಿಯೋ, ವ್ಯಾಪಾರದ ಲೆಕ್ಕದಲ್ಲಿಯೋ? ಕಳೆದ ಐವತ್ತು ವರ್ಷಗಳಿಂದ ಅಲಾಸ್ಕದಲ್ಲಿ ನಡೆದುಬಂದಿರುವ ಹಲವು ವಿವಾದಗಳ ಬೇರು ಈ ಪ್ರಶ್ನೆಯಲ್ಲಿದೆ. ಅದರ ಇತಿಹಾಸವನ್ನು ಸಂಕ್ಷೇಪವಾಗಿ ನಿರೂಪಿಸುವುದೇ ಈ ಲೇಖನದ ಉದ್ದೇಶ.

೨

ಕೀನೈ ಪ್ರದೇಶದ ಮೂಲನಿವಾಸಿಗಳು ಡೆನೈನ ಜನರು. ಅವರು ಈ ನದಿಯನ್ನು ‘ಕಾಹ್ತ್ನು’ ಎಂದು ಕರೆಯುತ್ತಿದ್ದರು. ಬೇಸಗೆಯಲ್ಲಿ ಬರುವ ಸಾಲ್ಮನ್ ಮೀನುಗಳನ್ನು ತಡೆಬೇಲಿಗಳಿಂದಲೂ ಹಿಡಿಬಲೆಗಳಿಂದಲೂ ಹಿಡಿದು, ಒಣಗಿಸಿ, ನೆಲದಲ್ಲಿ ತೋಡಿದ ತಂಪುಗುಳಿಗಳಲ್ಲಿ ಚಳಿಗಾಲಕ್ಕೆಂದು ಕೂಡಿಡುತ್ತಿದ್ದರು. ಆ ಗುಳಿಗಳ ಗುರುತುಗಳು ನದೀತೀರದ ಕಾಡುಗಳಲ್ಲಿ ಈಗಲೂ ಕಾಣಬರುತ್ತವೆ. ಈ ಜನರ ಭಾಷೆಯ ಕೀನೈ ಉಪಭಾಷೆಯನ್ನು ಬಲ್ಲ ಕೊನೆಯವರಲ್ಲಿ ಒಬ್ಬನಾದ ಪೀಟರ್ ಕಾಲಿಫೋರ್ನ್‌ಸ್ಕಿ (೧೯೧೧–೧೯೯೩) ತನ್ನವರ ಕಥೆಗಳನ್ನು ಸ್ವತಃ ಬರೆದಿಟ್ಟನು. ಅವು ೧೯೯೧ರಲ್ಲಿ ಗ್ರಂಥರೂಪವಾಗಿ ಹೊರಬಂದವು. ಬರೆಹವಿಲ್ಲದಿದ್ದ ಭಾಷೆಯೊಂದರ ಸಾಹಿತ್ಯವು ಒಬ್ಬನ ಲೇಖನಿಯಿಂದ ಉಳಿದುಬಂದುದಕ್ಕೆ ಇದೊಂದು ನಿದರ್ಶನ.

ಹಾಲಿಬಟ್ ಮೀನಿನ ವಿಷಯದಲ್ಲಿ ಆಗ್ನೇಯ ಅಲಾಸ್ಕದ ಟ್ಲಿಂಗಿಟ್ ಜನರ ಗಾಳವು ವಿಶೇಷವಾಗಿ ಗಮನಾರ್ಹವಾದುದು. ಎರಡು ಮರದ ತುಂಡುಗಳನ್ನು ಕೋನಾಕಾರವಾಗಿ ಬಿಗಿದು, ಒಂದಕ್ಕೆ ಮೂಳೆಯ ಅಥವಾ ಕಬ್ಬಿಣದ ಮುಳ್ಳನ್ನು ಕಟ್ಟಿ, ಇನ್ನೊಂದರ ಮೇಲೆ ಪ್ರಾಣಿಯ ಅಥವಾ ದೈವದ ರೂಪವನ್ನು ಕೆತ್ತುತ್ತಿದ್ದರು. ಗಾಳವು ತಳದಿಂದ ತುಸು ಮೇಲೆ ತೇಲುವಾಗ ಕೆತ್ತನೆಯ ಮುಖವು ಕೆಳಗಣ ಮೀನಿನ ಕಡೆಗೆ ತಿರುಗಿರುತ್ತಿತ್ತು. ಗಾಳದ ಬಾಯಿಯ ಅಳತೆಯಿಂದ ಬಹು ಚಿಕ್ಕ ಮೀನೂ ಬಹು ದೊಡ್ಡ ಮೀನೂ ಸಿಕ್ಕದೆ, ನಡುಗಾತ್ರದ ಮೀನು ಮಾತ್ರ ಸಿಕ್ಕುತ್ತಿತ್ತು. ಅತಿದೊಡ್ಡ ಹಾಲಿಬಟ್ಟುಗಳು ಬಹುತೇಕ ಹೆಣ್ಣುಮೀನುಗಳು. ಅವೇ ಅಧಿಕವಾಗಿ ಮೊಟ್ಟೆಯಿಡುವಂಥವು. ಹೀಗೆ ಈಗಿನ ಕಾನೂನು ಅಂಗುಲಗಳ ಲೆಕ್ಕದಲ್ಲಿ ಹೇಳುವುದರ ಒಂದು ಭಾಗವನ್ನು ಆ ಗಾಳವು ತನ್ನ ರಚನೆಯಿಂದಲೇ ಸಾಧಿಸುತ್ತಿತ್ತು. ೧೯೮೩ರ ಸುಮಾರಿಗೆ ಹಾಲಿಬಟ್ ಹಿಡಿಯುವ ವ್ಯಾಪಾರಿ ದೋಣಿಗಳು ನೇರ ಕೊಕ್ಕೆಯನ್ನು ಬಿಟ್ಟು ಒಳಬಾಗಿದ ದುಂಡುಕೊಕ್ಕೆಯನ್ನು ಹಿಡಿದವು. ಮೀನು ಸೆಳೆದಂತೆಲ್ಲ ದವಡೆಯ ಮೂಲೆಯಲ್ಲಿ ತಾನೇ ನಾಟಿಕೊಳ್ಳುವ ಈ ಕೊಕ್ಕೆಯ ತತ್ತ್ವವು ಆ ಹಳೆಯ ಮರದ ಗಾಳದಲ್ಲಿಯೇ ಅಡಗಿದ್ದಿತು.

೩

ಆಂಗ್ಲ ನಾವಿಕ ಕುಕ್ಕನು ೧೭೭೮ರಲ್ಲಿ ಈ ಕೊಲ್ಲಿಯನ್ನು ಹೊಕ್ಕನು. ೧೭೯೧ರಲ್ಲಿ ರಷ್ಯದ ವರ್ತಕರು ಕೀನೈ ನದಿಯ ಮುಖದಲ್ಲಿ ಕೋಟೆಯನ್ನು ಕಟ್ಟಿದರು. ೧೮೬೭ರಲ್ಲಿ ಅಲಾಸ್ಕವು ೭೨ ಲಕ್ಷ ಡಾಲರುಗಳಿಗೆ ಅಮೆರಿಕ ಸಂಯುಕ್ತಸಂಸ್ಥಾನಗಳ ವಶವಾಯಿತು. ಆದರೆ ಮೀನಿನ ಇತಿಹಾಸದಲ್ಲಿ ಈ ರಾಜಕೀಯ ಘಟನೆಗಳಿಗಿಂತ ತವರದ ಡಬ್ಬಿಯೇ ದೊಡ್ಡದು. ೧೮೭೮ರಲ್ಲಿ ಅಲಾಸ್ಕದ ಮೊದಲ ಡಬ್ಬಿ ಕಾರ್ಖಾನೆಗಳೂ, ೧೮೮೨ರಲ್ಲಿ ಕೀನೈಯ ನೆರೆಯ ಕಸೀಲೋಫ್ ನದಿಯ ಬಳಿ ಕುಕ್ ಕೊಲ್ಲಿಯ ಮೊದಲ ಕಾರ್ಖಾನೆಯೂ ಆರಂಭವಾದವು. ಕಾರ್ಖಾನೆಯವರು ಮೀನು ನಡೆಯುವ ದಾರಿಯಲ್ಲಿ ಕಂಬಗಳನ್ನು ನೆಟ್ಟು, ಬಲೆ ಕಟ್ಟಿ, ದೊಡ್ಡ ಬೋನುಗಳನ್ನು ನಿರ್ಮಿಸಿದರು. ಹಗಲಿರುಳೂ ಆಳಿಲ್ಲದೆ ಕೆಲಸ ಮಾಡುವ ಈ ಬೋನುಗಳ ಒಡೆತನವು ಬಹುಮಟ್ಟಿಗೆ ಹೊರಗಿನ ಬಂಡವಳಿಗರದಾಗಿದ್ದಿತು.

ಕಾನೂನು ಬಾರದೆ ಇರಲಿಲ್ಲ. ೧೮೮೯ರಲ್ಲಿ ಸಾಲ್ಮನ್ ಹೊಳೆಗಳಿಗೆ ಅಡ್ಡಗಟ್ಟೆ ಹಾಕುವುದನ್ನು ನಿಷೇಧಿಸಲಾಯಿತು. ೧೯೨೪ರ ಶಾಸನವು ಬರುವ ಮೀನುಗಳಲ್ಲಿ ಅರ್ಧದಷ್ಟಾದರೂ ಮೊಟ್ಟೆಯಿಡಲು ಮೇಲಕ್ಕೆ ಹೋಗುವಂತಾಗಬೇಕೆಂಬ ನಿಯಮವನ್ನು ತಂದಿತು. ಆದರೆ ವಿಸ್ತಾರವಾದ ಆ ತೀರದಲ್ಲಿ ಮೀನನ್ನೆಣಿಸುವವರೂ ಕಾವಲಿನವರೂ ಅತ್ಯಲ್ಪರಾಗಿದ್ದರು. ಕ್ರಮೇಣ ಮೀನು ಇಳಿಮುಖವಾಗಿ, ೧೯೫೩ರಲ್ಲಿ ಅಮೆರಿಕದ ಅಧ್ಯಕ್ಷ ಐಸೆನ್‌ಹೋವರನು ಅಲಾಸ್ಕದ ಮೀನುಗಾರ ಊರುಗಳನ್ನು ವಿಪತ್ತಿಗೀಡಾದ ಪ್ರದೇಶವೆಂದು ಸಾರಬೇಕಾಯಿತು. ಪ್ರತ್ಯೇಕ ಸಂಸ್ಥಾನವಾಗಬೇಕೆಂಬ ಅಲಾಸ್ಕದವರ ಚಳವಳಿಗೆ ಮೀನುಬೋನುಗಳ ಮೇಲಣ ರೋಷವು ಬಹಳ ಬಲವನ್ನು ಕೊಟ್ಟಿತು. ೧೯೫೬ರಲ್ಲಿ ಜನರು ಅಂಗೀಕರಿಸಿದ ಸಂಸ್ಥಾನದ ಸಂವಿಧಾನವು, ಸಹಜ ಸ್ಥಿತಿಯಲ್ಲಿರುವ ಮೀನು ಸಮಸ್ತ ಪ್ರಜೆಗಳ ಸಮಾನ ಉಪಯೋಗಕ್ಕೆ ಮೀಸಲೆಂದೂ, ಬೆಳೆ ಎಂದೆಂದಿಗೂ ನಿಲ್ಲುವಂತೆ ಅದನ್ನು ಬಳಸತಕ್ಕದ್ದೆಂದೂ ವಿಧಿಸಿತು. ೧೯೫೯ರಲ್ಲಿ ಸಂಸ್ಥಾನವು ಏರ್ಪಟ್ಟೊಡನೆ ಬೋನುಗಳು ನಿಂತುಹೋದವು.

ಹಾಲಿಬಟ್ಟಿನ ಚರಿತ್ರೆ ಬೇರೆ ದಾರಿಯಲ್ಲಿ ನಡೆಯಿತು. ಉದ್ದವಾದ ಹಗ್ಗಕ್ಕೆ ಸಾಲಾಗಿ ಗಾಳ ಕಟ್ಟಿ ಹಿಡಿಯುತ್ತಿದ್ದ ಈ ಮೀನು ವಿರಳವಾಗುತ್ತಿರುವುದನ್ನು ಕಂಡು, ಆ ಉದ್ಯಮದವರೇ ಚಳಿಗಾಲದ ವಿರಾಮಕ್ಕಾಗಿ ಒತ್ತಾಯಪಡಿಸಿದರು. ಅದರ ಫಲವಾಗಿ ೧೯೨೩ನೆಯ ಮಾರ್ಚಿ ೨ರಂದು ಕೆನಡಕ್ಕೂ ಅಮೆರಿಕಕ್ಕೂ ಒಡಂಬಡಿಕೆಯಾಯಿತು. ಇಂಗ್ಲೆಂಡಿನ ಪ್ರತಿನಿಧಿಯ ರುಜುವಿಲ್ಲದೆ ಕೆನಡವು ತಾನಾಗಿ ರುಜು ಹಾಕಿದ ಮೊದಲ ಒಡಂಬಡಿಕೆ ಇದೇ ಆದುದರಿಂದ ರಾಜ್ಯಶಾಸ್ತ್ರದ ಚರಿತ್ರೆಯಲ್ಲಿಯೂ ಇದಕ್ಕೆ ಸ್ಥಾನವುಂಟು. ಅದರ ಮೂಲಕ ಸ್ಥಾಪಿತವಾದ ಮಂಡಲಿಯು ೧೯೩೨ರಿಂದ ಪ್ರದೇಶವಾರು ಹಿಡಿತದ ಮಿತಿಗಳನ್ನು ನಿಯಮಿಸತೊಡಗಿತು. ಗಮನಿಸಬೇಕಾದ ಸಂಗತಿಯೆಂದರೆ, ಈ ಏರ್ಪಾಡುಗಳಲ್ಲಿ ಎಲ್ಲಿಯೂ ಗಾಳದ ಕೋಲು ಹಿಡಿದ ಹವ್ಯಾಸಿಯ ಹೆಸರಿಲ್ಲ. ಅವನು ಹಿಡಿಯುವುದು ಲೆಕ್ಕಕ್ಕೆ ಬಾರದಷ್ಟು ಅಲ್ಪವೆಂದು ಭಾವಿಸಲಾಗಿದ್ದಿತು.

೪

ಹವ್ಯಾಸಿಗೆ ದಾರಿ ತೋರಿಸುವ ವೃತ್ತಿಯು ಅಲಾಸ್ಕದಲ್ಲಿ ಹುಟ್ಟಿದುದಲ್ಲ. ಸ್ಕಾಟ್ಲೆಂಡಿನ ಸಾಲ್ಮನ್ ಹೊಳೆಗಳಲ್ಲಿ ಪ್ರಭುಗಳೊಡನೆ ಹೋಗುವ ಸೇವಕನಿಗೆ ‘ಗಿಲ್ಲಿ’ ಎಂಬ ಹೆಸರು. ಗೇಲಿಕ್ ಭಾಷೆಯಲ್ಲಿ ಆ ಮಾತಿಗೆ ಹುಡುಗ, ಆಳು ಎಂದರ್ಥ. ಆಂಗ್ಲರು ಹೋದ ದೇಶಗಳಿಗೆಲ್ಲ ಈ ಪದ್ಧತಿಯೂ ಅವರೊಡನೆ ಹೋಯಿತು. ದಕ್ಷಿಣ ಕನ್ನಡ ಜಿಲ್ಲೆಯಲ್ಲಿ ಅಧಿಕಾರಿಯಾಗಿದ್ದ ಎಚ್. ಎಸ್. ಥಾಮಸನು ಇಂಡಿಯದ ಗಾಳಗಾರಿಕೆಯನ್ನು ಕುರಿತ ತನ್ನ ಪ್ರಸಿದ್ಧ ಗ್ರಂಥವನ್ನು ೧೮೭೩ರಲ್ಲಿ ಮಂಗಳೂರಿನಲ್ಲಿ ಪ್ರಕಟಿಸಿ, ನಮ್ಮ ಹೊಳೆಗಳ ಮಹಸೀರ್ ಮೀನನ್ನು ಸಾಲ್ಮನ್ನಿನೊಡನೆ ಹೋಲಿಸಿ ಹೊಗಳಿದನು. ಕಾವೇರಿಯ ಮಡುಗಳಲ್ಲಿ ಬಿಳಿಮೀನು ಎಲ್ಲಿ ನಿಲ್ಲುವುದೆಂದು ದೊರೆಗಳಿಗೆ ತೋರಿಸಿದವರೂ ಆ ತೀರದ ಊರವರೇ. ಕೆನಡದ ಪಶ್ಚಿಮತೀರದ ಕ್ಯಾಂಪ್‌ಬೆಲ್ ನದಿಯ ಮುಖದಲ್ಲಿ ೧೯೨೪ರಲ್ಲಿ ‘ಟೈಯಿ’ ಎಂಬ ಸಂಘವು ಸ್ಥಾಪಿತವಾಯಿತು. ಯಂತ್ರವಿಲ್ಲದ ದೋಣಿಯಲ್ಲಿ, ಮಾರ್ಗದರ್ಶಿಯು ಹುಟ್ಟುಹಾಕುತ್ತಿರಲು, ೩೦ ಪೌಂಡಿಗೆ ಕಡಮೆಯಿಲ್ಲದ ರಾಜ ಸಾಲ್ಮನ್ ಹಿಡಿದವನೇ ಅದರ ಸದಸ್ಯನಾಗಬಹುದು. ‘ಟೈಯಿ’ ಎಂಬುದು ಆ ತೀರದ ವರ್ತಕರ ಬೆರಕೆಭಾಷೆಯಲ್ಲಿ ಒಡೆಯನೆಂಬರ್ಥದ ಮಾತು.

ಕೀನೈಗೆ ಈ ವೃತ್ತಿಯು ರಸ್ತೆಯ ಮೂಲಕ ಬಂದಿತು. ೧೯೪೭ರಿಂದ ಸೋಲ್ಡೋಟ್ನದ ಬಳಿ ಸರ್ಕಾರದ ಭೂಮಿಯನ್ನು ಪಡೆದ ವಲಸೆಗಾರರು ನೆಲೆಸತೊಡಗಿದರು. ೧೯೫೦ರಲ್ಲಿ ಸ್ಟರ್ಲಿಂಗ್ ಹೆದ್ದಾರಿಯು ತೆರೆಯಿತು. ೧೯೫೭ರಲ್ಲಿ ಸಮೀಪದಲ್ಲಿಯೇ ಕಲ್ಲೆಣ್ಣೆ ಸಿಕ್ಕಿತು. ಜನವೂ ಹಣವೂ ಬಂದುವು. ಆದರೂ ರಭಸವಾದ, ಕದಡಿದ ಆ ನೀರಿನಲ್ಲಿ ರಾಜ ಸಾಲ್ಮನ್ನನ್ನು ಗಾಳದಿಂದ ಹಿಡಿಯುವ ಉಪಾಯವು ಬಹುಜನರಿಗೆ ತಿಳಿದಿರಲಿಲ್ಲ. ದೋಣಿಯನ್ನು ಪ್ರವಾಹದೊಡನೆ ಬಿಟ್ಟು, ಎರೆಯು ನದಿಯ ತಳವನ್ನು ತಟ್ಟುತ್ತ ಸಾಗುವಂತೆ ಮಾಡುವ ಕ್ರಮವು ೧೯೭೦ರ ದಶಕದಲ್ಲಿ ರೂಢಿಗೆ ಬಂದ ಮೇಲೆಯೇ ಕೀನೈಯಲ್ಲಿ ಮಾರ್ಗದರ್ಶಿಯ ವೃತ್ತಿಯು ಬೇರೂರಿತು.

೧೯೮೫ನೆಯ ಮೇ ೧೭ರಂದು ಸೋಲ್ಡೋಟ್ನದ ನಿವಾಸಿ ಲೆಸ್ ಆಂಡರ್ಸನ್ ಎಂಬವನು ಈ ನದಿಯಲ್ಲಿ ೯೭ ಪೌಂಡು ೪ ಔನ್ಸು ತೂಗಿದ ರಾಜ ಸಾಲ್ಮನ್ನನ್ನು ಹಿಡಿದನು. ಗಾಳದ ಕೋಲಿನಿಂದ ಹಿಡಿದ ಆ ಜಾತಿಯ ಮೀನುಗಳಲ್ಲಿ ಇದೇ ಜಗತ್ತಿನಲ್ಲಿ ಅತ್ಯಧಿಕ ತೂಕದ್ದೆಂದು ದಾಖಲೆಯಾಯಿತು. ಆತನು ಮೀನನ್ನು ಒಡನೆಯೇ ತೂಗಿಸದೆ ದೋಣಿಯಲ್ಲಿಟ್ಟುಕೊಂಡು ಮತ್ತೆ ಗಾಳ ಹಾಕುತ್ತಿದ್ದನು. ಗಂಟೆಗಟ್ಟಲೆ ಒಣಗಿದ ಬಳಿಕ ತೂಗಿದುದರಿಂದ ನೂರು ಪೌಂಡು ತಪ್ಪಿತೆಂದು ಹೇಳುವವರು ಅನೇಕರಿದ್ದಾರೆ. ಆಂಡರ್ಸನನಿಗೆ ಮಾರ್ಗದರ್ಶಿ ಇರಲಿಲ್ಲ. ಆದರೆ ಆ ಮೀನಿನ ಕೀರ್ತಿಯು ಮಾರ್ಗದರ್ಶಿಗಳ ದೋಣಿಗಳನ್ನು ತುಂಬಿಸಿತು.

೫

ಮಾರ್ಗದರ್ಶಿಯ ತಿಳಿವಳಿಕೆಯೆಂದರೆ ಏನೆಂಬುದನ್ನು ಇಲ್ಲಿ ಸ್ವಲ್ಪ ವಿವರಿಸಬೇಕು. ನದಿಯ ಕೆಳಭಾಗದಲ್ಲಿ ಸಮುದ್ರದ ಉಬ್ಬರವು ಹಲವು ಮೈಲಿಗಳವರೆಗೆ ಏರುತ್ತದೆ. ಅದರೊಡನೆಯೇ ಹೊಸ ಮೀನು ಒಳಕ್ಕೆ ಬರುತ್ತದೆ. ಯಾವ ತಿರುವಿನಲ್ಲಿ, ಯಾವ ಬಂಡೆಯ ಹಿಂದೆ, ಉಬ್ಬರದ ಎಷ್ಟನೆಯ ಗಂಟೆಯಲ್ಲಿ ಅದು ವಿಶ್ರಮಿಸುವುದೆಂಬುದು ಅನುಭವದಿಂದಲೇ ತಿಳಿಯತಕ್ಕದ್ದು. ‘ದೊಡ್ಡ ಸುಳಿ’, ‘ಹದ್ದಿನ ಬಂಡೆ’ ಮುಂತಾಗಿ ಅರ್ಥವಾಗುವ ಹೆಸರುಗಳು ಆ ನದಿಯ ಪ್ರತಿಯೊಂದು ಮಡುವಿಗೂ ಇವೆ; ಹೊಸಬನಿಗೆ ಒಂದೇ ಸಮನಾಗಿ ಕಾಣುವ ನೀರಿನಲ್ಲಿ ಮಾರ್ಗದರ್ಶಿಯು ಊರಿನ ಬೀದಿಗಳಲ್ಲಿ ನಡೆಯುವಂತೆ ನಡೆಯುತ್ತಾನೆ.

ಸಮುದ್ರದಲ್ಲಿ ಈ ವಿದ್ಯೆಯ ರೂಪವೇ ಬೇರೆ. ಹೋಮರ್ ಎಂಬ ಊರಿನಲ್ಲಿ ಸುಮಾರು ನಾಲ್ಕೂವರೆ ಮೈಲಿ ಕಡಲೊಳಕ್ಕೆ ಚಾಚಿದ ಮರಳದಿಬ್ಬದ ಬಂದರಿನಿಂದ ಹಾಲಿಬಟ್ ದೋಣಿಗಳು ಹೊರಡುತ್ತವೆ. ಬಂದರಿಲ್ಲದ ಡೀಪ್ ಕ್ರೀಕ್ ಮುಂತಾದ ಕಡೆಗಳಲ್ಲಿ ಟ್ರಾಕ್ಟರುಗಳು ದೋಣಿಗಳನ್ನು ಅಲೆಯೊಳಕ್ಕೆ ತಳ್ಳಿ, ಸಂಜೆಗೆ ಮತ್ತೆ ಎಳೆದುತರುತ್ತವೆ. ಕುಕ್ ಕೊಲ್ಲಿಯ ಉಬ್ಬರವಿಳಿತವು ಜಗತ್ತಿನ ಪ್ರಬಲವಾದವುಗಳಲ್ಲಿ ಒಂದು. ನೀರು ಓಡುತ್ತಿರುವಾಗ ಎಷ್ಟು ಭಾರದ ಸೀಸದ ಗುಂಡು ಕಟ್ಟಿದರೂ ಎರೆಯು ತಳದಲ್ಲಿ ನಿಲ್ಲದು. ಆದುದರಿಂದ ಉಬ್ಬರ ಮುಗಿದು ಇಳಿತ ತೊಡಗುವ ನಡುವಣ ಸ್ತಬ್ಧಕಾಲವನ್ನು ಗಣಿಸಿ, ಅಷ್ಟು ಹೊತ್ತಿಗೆ ಸರಿಯಾಗಿ ಸ್ಥಳ ಸೇರಿ ಲಂಗರು ಹಾಕಬೇಕು. ಎರೆಯ ವಾಸನೆಯು ಪ್ರವಾಹದೊಡನೆ ಹರಿದು ಮೀನನ್ನು ಕರೆತರುತ್ತದೆ. ಚಿಕ್ಕ ಹಾಲಿಬಟ್ಟಿಗೆ ಅವರು ‘ಕೋಳಿ’ ಎಂದೂ, ಮಹಾಗಾತ್ರದ್ದಕ್ಕೆ ‘ಕೊಟ್ಟಿಗೆಯ ಬಾಗಿಲು’ ಎಂದೂ ಹೆಸರಿಟ್ಟಿದ್ದಾರೆ. ಬಾಗಿಲಿನಂಥ ಮೀನನ್ನು ಜೀವಸಹಿತ ದೋಣಿಯೊಳಕ್ಕೆ ತಂದರೆ ಜನರ ಕಾಲು ಮುರಿಯುವ ಭಯವಿರುವುದರಿಂದ ಈಟಿಯಿಂದ ಇರಿದು ಅಥವಾ ಗುಂಡು ಹೊಡೆದು ಒಳಕ್ಕೆಳೆಯುವುದುಂಟು. ೧೯೯೬ರಲ್ಲಿ ಅಲ್ಯೂಷಿಯನ್ ದ್ವೀಪಗಳ ಉನಲಾಸ್ಕದ ಬಳಿ ಹಿಡಿದ ೪೫೯ ಪೌಂಡಿನ ಹಾಲಿಬಟ್ಟು ಗಾಳಗಾರರ ದಾಖಲೆಯಲ್ಲಿ ಅಗ್ರಸ್ಥಾನವನ್ನು ಪಡೆಯಿತು.

ಒಬ್ಬ ಹೊಸಬನು ತಾನಾಗಿ ಈ ಕೊಲ್ಲಿಗೆ ಹೋದರೆ ಬರಿಗೈಯಲ್ಲಿ ಹಿಂದಿರುಗುವ ಸಂಭವವೇ ಹೆಚ್ಚು. ಮಾರ್ಗದರ್ಶಿಯೊಡನೆ ಹೋದರೆ ಅವನ ದೋಣಿಯಲ್ಲಿರುವವರಿಗೆಲ್ಲ ಮೀನು ದೊರೆಯಬಹುದು. ಹಿಡಿಯುವ ಕೈ ಹವ್ಯಾಸಿಯದಾದರೂ ಹಿಡಿಸುವ ಬುದ್ಧಿ ಮಾರ್ಗದರ್ಶಿಯದು. ಬಲೆಯ ಉದ್ದವನ್ನೂ ಗಾಳಗಳ ಸಂಖ್ಯೆಯನ್ನೂ ಅಳೆಯಬಲ್ಲ ಕಾನೂನು ಈ ಬುದ್ಧಿಯನ್ನು ಹೇಗೆ ಅಳೆಯಬೇಕು?

೬

ಹಾಲಿಬಟ್ ಮಂಡಲಿಯು ೧೯೭೩ರಲ್ಲಿ ಮೊದಲಬಾರಿಗೆ ಹವ್ಯಾಸಿಗಳಿಗೂ ನಿಯಮವನ್ನು ಮಾಡಿ, ದಿನಕ್ಕೆ ಒಬ್ಬನಿಗೆ ಒಂದು ಮೀನು ಎಂದು ವಿಧಿಸಿತು. ಕೆಲವು ಕಾಲದಲ್ಲಿಯೇ ಅದು ಎರಡಾಯಿತು. ಆಗ ಮಾರ್ಗದರ್ಶಿಯ ದೋಣಿಗೂ ಸ್ವಂತ ದೋಣಿಗೂ ಭೇದವಿರಲಿಲ್ಲ. ಇತ್ತ ವ್ಯಾಪಾರಿ ದೋಣಿಗಳು ಮಿತಿಮೀರಿ ಹೆಚ್ಚಿ, ವರ್ಷದ ಹಿಡಿತವೆಲ್ಲ ೨೪ ಗಂಟೆಗಳ ಒಂದೆರಡು ಅವಧಿಗಳಲ್ಲಿ ಮುಗಿಯುವ ಅಪಾಯಕರವಾದ ಸ್ಥಿತಿ ಒದಗಿತು. ಅದನ್ನು ತಪ್ಪಿಸಲು ೧೯೯೫ರಲ್ಲಿ ಪ್ರತಿಯೊಬ್ಬ ಮೀನುಗಾರನಿಗೂ ನಿಶ್ಚಿತವಾದ ಪಾಲನ್ನು ಹಂಚಲಾಯಿತು. ಆ ಪಾಲುಗಳನ್ನು ಮಾರಬಹುದು, ಕೊಳ್ಳಬಹುದು. ಸಾಲ ಮಾಡಿ ಪಾಲನ್ನು ಕೊಂಡವನಿಗೆ, ಮಿತಿಯಿಲ್ಲದೆ ಬೆಳೆಯುತ್ತಿದ್ದ ಮಾರ್ಗದರ್ಶಿಗಳ ದೋಣಿಗಳು ತನ್ನ ಪಾಲನ್ನೇ ಕರಗಿಸುತ್ತಿರುವಂತೆ ಕಂಡವು. ಮಾರ್ಗದರ್ಶಿಯಾದರೋ, ತಾನು ಒಂದು ಮೀನನ್ನೂ ಮಾರುವುದಿಲ್ಲ, ದೋಣಿಯಲ್ಲಿರುವ ಪ್ರಜೆಯ ಹಕ್ಕನ್ನು ನಡೆಸಿಕೊಡುತ್ತೇನೆ ಅಷ್ಟೇ ಎಂದು ವಾದಿಸಿದನು. ಇಬ್ಬರ ವಾದದಲ್ಲಿಯೂ ನ್ಯಾಯಾಂಶವಿತ್ತು.

ಕಾನೂನಿನ ನಿರ್ಣಯವು ಮೆಲ್ಲಮೆಲ್ಲನೆ ಬಂದಿತು. ೨೦೦೩ರಲ್ಲಿ ಮಾರ್ಗದರ್ಶಿಗಳ ಹಿಡಿತಕ್ಕೆ ಪ್ರತ್ಯೇಕವಾದ ಗುರಿಮಿತಿಯು ಗೊತ್ತಾಯಿತು. ೨೦೦೯ರಲ್ಲಿ ಆಗ್ನೇಯ ಅಲಾಸ್ಕದಲ್ಲಿ ಮಾರ್ಗದರ್ಶಿಯ ದೋಣಿಯವರಿಗೆ ದಿನಕ್ಕೆ ಒಂದೇ ಮೀನು ಎಂದಾಯಿತು. ೨೦೧೧ರಿಂದ ಹಾಲಿಬಟ್ ದೋಣಿಗಳಿಗೆ ಸಂಖ್ಯೆ ಮಿತಿಗೊಳಿಸಿದ ಪರವಾನಗಿಯು ಅವಶ್ಯವಾಯಿತು. ೨೦೧೪ರಲ್ಲಿ ವ್ಯಾಪಾರಿಗೂ ಮಾರ್ಗದರ್ಶಿಗೂ ಒಂದೇ ರಾಶಿಯಿಂದ ಪಾಲು ಮಾಡುವ ಏರ್ಪಾಡು ಜಾರಿಗೆ ಬಂದಿತು. ಆ ವರ್ಷ ಕುಕ್ ಕೊಲ್ಲಿಯ ಕಡೆ ಮಾರ್ಗದರ್ಶಿಯೊಡನೆ ಹೋದವನು ದಿನಕ್ಕೆ ಎರಡು ಮೀನುಗಳನ್ನು ಇಟ್ಟುಕೊಳ್ಳಬಹುದಾಗಿದ್ದರೂ ಅವುಗಳಲ್ಲಿ ಒಂದು ೨೯ ಅಂಗುಲವನ್ನು ಮೀರಕೂಡದಾಗಿದ್ದಿತು. ಆಗ್ನೇಯದಲ್ಲಿ ಅವನ ಒಂದೇ ಮೀನು ೪೪ ಅಂಗುಲಕ್ಕೆ ಮೀರದ್ದಾಗಿರಬೇಕು, ಇಲ್ಲವೆ ೭೬ ಅಂಗುಲಕ್ಕೆ ಕಡಮೆಯಿಲ್ಲದ್ದಾಗಿರಬೇಕು. ಅದೇ ನೀರಿನಲ್ಲಿ, ಅದೇ ದಿನ, ಸ್ವಂತ ದೋಣಿಯಲ್ಲಿ ಹೋದವನಿಗೆ ಎರಡು ಮೀನುಗಳು, ಗಾತ್ರದ ಕಟ್ಟುಪಾಡಿಲ್ಲದೆ, ಸಲ್ಲುತ್ತಿದ್ದವು. ಮಾರ್ಗದರ್ಶಿಯ ಗಿರಾಕಿಗೂ ಅಷ್ಟೇ ಬೇಕಾದರೆ ವ್ಯಾಪಾರಿಯ ಪಾಲಿನಿಂದ ಮೀನನ್ನು ಗೇಣಿಗೆ ಪಡೆಯುವ ಅವಕಾಶವೂ ಏರ್ಪಟ್ಟಿತು.

ಈ ನಿಯಮಗಳ ತಾತ್ಪರ್ಯವು ಸ್ಪಷ್ಟವಾಗಿದೆ. ಗಾಳ ಒಂದೇ, ಎರೆ ಒಂದೇ, ಮೀನು ಒಂದೇ. ಭೇದಕ್ಕೆ ಕಾರಣವಾದುದು ದೋಣಿಯಲ್ಲಿ ಬಲ್ಲವನೊಬ್ಬನು ಇರುವುದು. ಅಂದರೆ ಮಾರ್ಗದರ್ಶಿಯ ತಿಳಿವಳಿಕೆಯನ್ನೇ ಕಾನೂನು ಒಂದು ಮೀನುಗಾರಿಕೆಯ ಸಾಧನವೆಂದು ಗಣಿಸಿ, ಬಲೆಗೆ ಅಳತೆ ಗೊತ್ತುಮಾಡುವಂತೆ ಅದಕ್ಕೂ ಅಳತೆ ಗೊತ್ತುಮಾಡಿತು. ಕೀನೈ ನದಿಯಲ್ಲಿ ಇದೇ ತತ್ತ್ವವು ಗಂಟೆಗಳ ರೂಪದಲ್ಲಿ ಕಾಣಿಸಿಕೊಂಡಿತು: ರಾಜ ಸಾಲ್ಮನ್ ಋತುವಿನಲ್ಲಿ ಮಾರ್ಗದರ್ಶಿಯ ದೋಣಿಯು ಬೆಳಗಿನ ಆರರಿಂದ ಸಂಜೆಯ ಆರರವರೆಗೆ ಮಾತ್ರ ಗಾಳ ಹಾಕಿಸಬಹುದೆಂದೂ, ಭಾನುವಾರ ಸೋಮವಾರಗಳಲ್ಲಿ ಸಾಮಾನ್ಯವಾಗಿ ಹಾಕಿಸಕೂಡದೆಂದೂ ನಿಯಮವಾಯಿತು.

೭

ಆದರೆ ನದಿಯಲ್ಲಿ ದೋಣಿಗಳ ಸಂಖ್ಯೆಗೆ ಮಿತಿ ಬರಲಿಲ್ಲ. ವ್ಯಾಪಾರಿ ಬಲೆಗಾರರ ಸಂಖ್ಯೆಯನ್ನು ಮಿತಗೊಳಿಸುವುದಕ್ಕಾಗಿ ೧೯೭೨ರಲ್ಲಿ ಸಂವಿಧಾನವನ್ನು ತಿದ್ದಿ ೧೯೭೩ರಲ್ಲಿ ಶಾಸನವನ್ನು ಮಾಡಿದ್ದರೂ ಅದು ಮಾರ್ಗದರ್ಶಿಗಳಿಗೆ ಅನ್ವಯಿಸಲಿಲ್ಲ. ೧೯೮೪ರಲ್ಲಿ ನದಿಯನ್ನು ವಿಶೇಷ ರಕ್ಷಣೆಯ ಪ್ರದೇಶವೆಂದು ಗೊತ್ತುಮಾಡಲಾಯಿತು. ೨೦೦೩ರಲ್ಲಿ ಋತುವಿನ ಆರಂಭದಲ್ಲಿ ಬರುವ ರಾಜ ಸಾಲ್ಮನ್ನುಗಳಲ್ಲಿ ೪೪ರಿಂದ ೫೫ ಅಂಗುಲದವನ್ನು ಹಿಂದಕ್ಕೆ ಬಿಡಬೇಕೆಂಬ ನಿಯಮವೂ ಬಂದಿತು. ಇಷ್ಟಾದರೂ ಮೀನಿನ ಸಂಖ್ಯೆಯೊಡನೆ ಗಾತ್ರವೂ ಇಳಿಯುತ್ತ ಬಂದಿತು. ೨೦೧೨ರ ಜುಲೈಯಲ್ಲಿ ನದಿಯ ಗಾಳವನ್ನೂ ಪೂರ್ವತೀರದ ಬಲೆಗಳನ್ನೂ ನಿಲ್ಲಿಸಬೇಕಾಯಿತು. ಅದೇ ವರ್ಷ ಕೇಂದ್ರ ಸರ್ಕಾರವು ಇದನ್ನು ಮೀನುಗಾರಿಕೆಯ ವಿಪತ್ತೆಂದು ಘೋಷಿಸಿತು.

ಕೊರತೆಯ ಕಾಲದಲ್ಲಿ ನೆರೆಹೊರೆಯವರೇ ಪ್ರತಿಕಕ್ಷಿಗಳಾದರು. ಕೆಂಪು ಸಾಲ್ಮನ್ನಿಗಾಗಿ ತೀರದಲ್ಲಿ ಕಟ್ಟುವ ಬಲೆಗಳಲ್ಲಿ ರಾಜ ಸಾಲ್ಮನ್ನೂ ಸಿಕ್ಕುವುದರಿಂದ, ಆ ಬಲೆಗಳನ್ನು ಜನಮತದಿಂದ ನಿಷೇಧಿಸಬೇಕೆಂಬ ಪ್ರಯತ್ನವೊಂದು ನಡೆಯಿತು. ಅಲಾಸ್ಕದ ಸರ್ವೋಚ್ಚ ನ್ಯಾಯಸ್ಥಾನವು ೨೦೧೫ರ ಕೊನೆಯ ದಿನದಲ್ಲಿ ಅದನ್ನು ತಳ್ಳಿಹಾಕಿತು. ಸಾರ್ವಜನಿಕ ಸೊತ್ತನ್ನು ಒಂದು ವರ್ಗದಿಂದ ತೆಗೆದು ಇನ್ನೊಂದಕ್ಕೆ ಹಂಚುವ ಕೆಲಸವು ಜನಮತದ ವ್ಯಾಪ್ತಿಗೆ ಸೇರಿದುದಲ್ಲವೆಂಬುದೇ ಆ ತೀರ್ಪಿನ ಸಾರ. ಮೀನಿನ ಇಳಿತಕ್ಕೆ ಕಾರಣವು ನದಿಯಲ್ಲಿಯೇ ಇದೆಯೆಂದು ಹೇಳಲಾಗದು. ಅಲಾಸ್ಕದ ಬೇರೆ ಬೇರೆ ನದಿಗಳಲ್ಲಿಯೂ ರಾಜ ಸಾಲ್ಮನ್ ಏಕಕಾಲದಲ್ಲಿ ಕ್ಷೀಣಿಸಿದುದರಿಂದ ಸಮುದ್ರದ ಸ್ಥಿತಿಯು ಮುಖ್ಯ ಕಾರಣಗಳಲ್ಲಿ ಒಂದೆಂದು ವಿದ್ವಾಂಸರು ಭಾವಿಸುತ್ತಾರೆ. ೨೦೨೩ರಲ್ಲಿ ಋತುವು ತೊಡಗುವ ಮೊದಲೇ ಕೀನೈಯ ರಾಜ ಸಾಲ್ಮನ್ನಿಗೆ ಗಾಳ ಹಾಕುವುದನ್ನೂ ಪೂರ್ವತೀರದ ಬಲೆಗಳನ್ನೂ ಮುಚ್ಚಲಾಯಿತು. ೨೦೨೪ರಲ್ಲಿಯೂ ನದಿಯ ಗಾಳವು ತೆರೆಯಲಿಲ್ಲ. ಆ ವರ್ಷವೇ ಮೀನಿನ ಪುನರುಜ್ಜೀವನಕ್ಕೆ ಯೋಜನೆಯೊಂದನ್ನು ಅಂಗೀಕರಿಸಲಾಯಿತು. ಜಗದ್ವಿಖ್ಯಾತವಾದ ಮೀನನ್ನು ತೋರಿಸಿ ಬಾಳಿದ ಮಾರ್ಗದರ್ಶಿಗಳು ಕೆಂಪು ಸಾಲ್ಮನ್, ಬೆಳ್ಳಿ ಸಾಲ್ಮನ್ನುಗಳ ಕಡೆಗೂ ಸಮುದ್ರದ ಕಡೆಗೂ ತಿರುಗಬೇಕಾಯಿತು.

೮

ಮೇಲಣ ವಿವರಗಳಿಂದ ಎರಡು ಅಂಶಗಳು ಸಿದ್ಧಪಡುತ್ತವೆ. ಮೊದಲನೆಯದಾಗಿ, ಈ ತೀರದಲ್ಲಿ ನಿಯಮವು ಸಾಮಾನ್ಯವಾಗಿ ಕೊರತೆಯನ್ನು ಹಿಂಬಾಲಿಸಿಕೊಂಡೇ ಬಂದಿದೆ. ಬೋನುಗಳ ಕಾಲದಲ್ಲಿ ಹಾಗಾಯಿತು. ಗಾಳದ ಕಾಲದಲ್ಲಿಯೂ ಹಾಗೆಯೇ ಆಯಿತು. ೧೯೨೩ರ ಹಾಲಿಬಟ್ ಒಡಂಬಡಿಕೆಯು ಮೀನು ತೀರ ಮುಗಿಯುವ ಮುನ್ನವೇ, ಹಿಡಿಯುವವರ ಕೋರಿಕೆಯಿಂದಲೇ ಹುಟ್ಟಿತು. ಆ ಮೀನಿನ ಲೆಕ್ಕವು ನೂರು ವರ್ಷಗಳಿಂದ ಅಖಂಡವಾಗಿ ನಡೆದುಬಂದಿರುವುದಕ್ಕೆ ಇದೇ ಆಧಾರ. ಎರಡನೆಯದಾಗಿ, ಮೀನಿನ ಜಾಗವನ್ನು ಬಲ್ಲವನು ಮೀನಿಗೆ ಹೊಣೆಯೂ ಆಗಬೇಕಾಗುತ್ತದೆ ಎಂಬ ತತ್ತ್ವವು ಕ್ರಮಕ್ರಮವಾಗಿ ಕಾನೂನಿನಲ್ಲಿ ನೆಲೆಗೊಂಡಿತು. ಟ್ಲಿಂಗಿಟ್ ಜನರು ಈ ಹೊಣೆಯನ್ನು ಗಾಳದ ಅಳತೆಯಲ್ಲಿಯೇ ಸೇರಿಸಿದ್ದರು. ಮಾರ್ಗದರ್ಶಿಗೆ ಅದು ಪರವಾನಗಿಯ ಮೂಲಕವೂ ಅಂಗುಲದ ಲೆಕ್ಕದ ಮೂಲಕವೂ ಹೊರಗಿನಿಂದ ಬಂದಿತು. ೧೯೯೮ರಿಂದ ಸಮುದ್ರದ ಮಾರ್ಗದರ್ಶಿಗಳು ತಮ್ಮ ದೋಣಿಯಲ್ಲಿ ಹಿಡಿದ ಮೀನನ್ನು ದಿನಚರಿಯಲ್ಲಿ ಬರೆದು ಸರ್ಕಾರಕ್ಕೆ ಒಪ್ಪಿಸತೊಡಗಿದರು. ಮೀನು ಎಲ್ಲಿ ಎಷ್ಟು ದೊರೆಯಿತೆಂಬುದಕ್ಕೆ ಈಗ ಆ ದಿನಚರಿಗಳೇ ಸಾಕ್ಷಿಯಾಗಿವೆ. ಗಿರಾಕಿಗೆ ಮಾರಲೆಂದು ಗಳಿಸಿದ ತಿಳಿವಳಿಕೆಯು ಹೀಗೆ ಮೀನಿನ ರಕ್ಷಣೆಗೂ ಬೇಕಾದ ಸಾಮಗ್ರಿಯಾಯಿತು.